ಒಂದು ಸಲ ಜಗ್ಗಿದರೆ ನಿಲ್ಲು

ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಗೂಟ ಆರು ವರ್ಷ ಖಾಲಿಯಿತ್ತು. ನನ್ನ ಹೆಂಡತಿ ಅದಕ್ಕೆ ಒಮ್ಮೆ ಕೊಡೆ ನೇತುಹಾಕಿದಳು, ಇನ್ನೊಮ್ಮೆ ಜರಡಿ ನೇತುಹಾಕಿದಳು. ಎರಡು ಸಲವೂ ತೆಗೆದು ಪಕ್ಕಕ್ಕಿಟ್ಟೆ. ಮೂರನೆಯ ಸಲ ಅವಳೇ ಕೇಳಿದಳು, "ಆ ಗೂಟಕ್ಕೂ ನಿಮ್ಗೂ ಅದೇನು ಅಂಥ ನಂಟು?" ನಾನು ರೇಗಿದೆ. ರೇಗುವುದು ನನಗೆ ಸಲೀಸು, ಹೇಳಿಕೊಳ್ಳುವುದು ಕಷ್ಟ. ಆ ಗೂಟದಲ್ಲಿ ಇರಬೇಕಾದದ್ದು ಒಂದು ಹಗ್ಗ. ಆ ಆರು ವರ್ಷವೂ ಅದು ನಾಲ್ಕು ಮನೆ ಆಚೆ, ಅಣ್ಣನ ಕೊಟ್ಟಿಗೆಯ ತೊಲೆಯ ಮೇಲೆ ಸುತ್ತಿಕೊಂಡು ಕೂತಿತ್ತು.

ನಮ್ಮದು ಹೆಗ್ಗಡದೇವನಕೋಟೆ ತಾಲ್ಲೂಕು, ಕಬಿನಿ ಹಿನ್ನೀರಿನ ಅಂಚಿನ ಊರು. ಎರಡು ಎಕರೆ ರಾಗಿ ಹೊಲ ಇತ್ತು, ಈಗಲೂ ಇದೆ. ಆದರೆ ನಮ್ಮ ಮನೆಯನ್ನು ಜನ ಗುರುತು ಹಿಡಿಯುತ್ತಿದ್ದದ್ದು ಹೊಲದಿಂದಲ್ಲ, ಪಾತಾಳಗರಡಿಯಿಂದ. ಕಬ್ಬಿಣದ ಕೊಂಡಿಗಳ ಗೊಂಚಲು ಅದು. ಬಾವಿಗೆ ಬಿದ್ದ ಕೊಡ, ಬಕೆಟ್ಟು, ಮೋಟಾರು ಎಲ್ಲ ಅದಕ್ಕೆ ಸಿಕ್ಕಿ ಮೇಲೆ ಬರಬೇಕು. ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದ. ಅವನ ನಂತರ ಅಣ್ಣನೂ ನಾನೂ ಬೈಕಿಗೆ ಕಟ್ಟಿಕೊಂಡು ತಿರುಗಿದೆವು. ಸಾಲಿಗ್ರಾಮದ ಕಡೆ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲಿರುತ್ತಿತ್ತು. ಪಿರಿಯಾಪಟ್ಟಣದ ಕಡೆ ಕೆಲವು ಬಾವಿಗಳಿಗೆ ಇಣುಕಿದರೆ ಬರೀ ಕತ್ತಲು. ಗರಡಿಗೆ ಸಿಗದ ವಸ್ತು ಇದ್ದರೆ ಅಣ್ಣ ಸೊಂಟಕ್ಕೆ ಹಗ್ಗ ಬಿಗಿದು ಇಳಿಯುತ್ತಿದ್ದ. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ.

ಅಪ್ಪನ ಕಾಲದಿಂದ ಒಂದು ಕಟ್ಟುಪಾಡು ಇತ್ತು. ಹಗ್ಗ ಇರಬೇಕಾದದ್ದು ಹಿಡಿಯುವವನ ಮನೆಯಲ್ಲಿ, ಇಳಿಯುವವನ ಮನೆಯಲ್ಲಲ್ಲ. ತೊಳೆಯುವುದು, ನೆರಳಲ್ಲಿ ಒಣಗಿಸುವುದು, ಎಳೆ ಎಳೆ ಬೆರಳಲ್ಲಿ ತಡಕಿ ನೋಡುವುದು ಎಲ್ಲ ಹಿಡಿಯುವವನ ಕೆಲಸ. ಇಳಿಯುವವನು ಹಗ್ಗವನ್ನು ಪರೀಕ್ಷೆ ಮಾಡಬಾರದು. ಮಾಡಿದರೆ ಅನುಮಾನ ಹುಟ್ಟುತ್ತದೆ, ಅನುಮಾನ ಇಟ್ಟುಕೊಂಡು ಇಳಿಯಬಾರದು ಎಂದು ಅಪ್ಪ ಹೇಳುತ್ತಿದ್ದ. ನಮ್ಮದು ಬಿಳಿ ನೈಲಾನ್ ಹಗ್ಗ. ಹತ್ತು ಹತ್ತು ಅಡಿಗೊಂದು ಕೆಂಪು ಬಟ್ಟೆಯ ಗಂಟು. ಅದು ಅತ್ತಿಗೆಯ ಹಳೇ ಸೀರೆಯ ಅಂಚು. ಒಂದು ಸಲ ಜಗ್ಗಿದರೆ ನಿಲ್ಲು, ಎರಡು ಸಲ ಜಗ್ಗಿದರೆ ಎಳೆ, ಮೂರು ಸಲ ಜಗ್ಗಿದರೆ ಸಡಿಲ ಬಿಡು. ಇಷ್ಟೇ ನಮ್ಮ ಭಾಷೆ.

ಇದರ ಮೇಲೆ ಇನ್ನೊಂದು ಮಾತು ಅಪ್ಪ ನನ್ನ ತಲೆಗೆ ತುಂಬಿದ್ದ. "ಕೆಳಗಿಂದ ಸದ್ದು ನಿಂತೋದ್ರೆ ಎಳ್ದುಬುಡು. ಯೋಚ್ನೆ ಆಮ್ಯಾಕೆ ಮಾಡು." ಹಾಳು ಬಾವಿಗಳಲ್ಲಿ ಕೆಟ್ಟ ಗಾಳಿ ಇರುತ್ತದೆ. ಮನುಷ್ಯ ಕೂಗುವುದಕ್ಕೂ ಆಗದೆ ಕುಸಿದುಬಿಡುತ್ತಾನೆ. ಅಂಥ ಹೊತ್ತಿನಲ್ಲಿ ತಡಮಾಡುವವನು ಹೆಣ ಎಳೆಯುತ್ತಾನೆ. ನನ್ನದು ಮೊದಲಿಂದಲೂ ಆತುರದ ಕೈ, ಆದ್ದರಿಂದ ಈ ಕೆಲಸಕ್ಕೆ ನಾನೇ ಸರಿ ಎಂದು ಅಪ್ಪನಿಗೆ ಅನ್ನಿಸಿತ್ತು. ಅತ್ತಿಗೆ ಈಗಲೂ ಆಡಿಕೊಳ್ಳುತ್ತಾರೆ, "ಉಣ್ಣಾಕ್ ಕೂತ್ರೂ ಕೋಟೆ ಬಸ್ಸು ವೊಂಟೋಯ್ತದೆ ಅನ್ನೋನಂಗೆ ಉಣ್ತೀಯ ಕಣಪ್ಪ."

ಹೊಳೆಗೆ ಅಡ್ಡ ಕಟ್ಟುತ್ತಿದ್ದ ಒಂದು ಸೇತುವೆಯ ಕೆಲಸದಲ್ಲಿ ನೀರಿಗೆ ಬಿದ್ದ ಯಂತ್ರದ ಭಾಗವನ್ನು ಅಣ್ಣ ಮುಳುಗಿ ಹುಡುಕಿಕೊಟ್ಟ. ಅಲ್ಲಿದ್ದ ಕೇರಳದ ಮೇಸ್ತ್ರಿ ಅವನನ್ನು ಕಡಲಿನ ಕೆಲಸಕ್ಕೆ ಕರೆದ. ನೀರಿನೊಳಗೆ ಉಕ್ಕು ಕತ್ತರಿಸುವುದನ್ನು ಕಲಿಸುತ್ತೇವೆ ಎಂದ. ಅಣ್ಣ ಒಂದೇ ಷರತ್ತು ಹಾಕಿದ: "ನನ್ ತಮ್ಮ ಹಗ್ಗ ಇಡೀತಾನೆ ಅಂದ್ರೆ ಬತ್ತೀನಿ." ಆ ಮಾತನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ ಲೆಕ್ಕವಿಲ್ಲ. ನನ್ನನ್ನು ಯಾರೂ ಕರೆದಿರಲಿಲ್ಲ. ಅಣ್ಣ ಕರೆದುಕೊಂಡು ಹೋದ.

ಹಾಗೆ ಒಂಬತ್ತು ವರ್ಷ ಕಡಲ ಮೇಲೆ ಕಳೆಯಿತು. ಹಳೇ ಜೆಟ್ಟಿಗಳ ಕಬ್ಬಿಣದ ಕಂಬಗಳು, ಮುಳುಗಿದ ನಾವೆಗಳ ತಗಡು, ಹೊಸ ಕಟ್ಟಡಕ್ಕೆ ಅಡ್ಡ ಬಂದ ಪೈಪು, ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಿ ತೆಗೆಯುವುದು. ಊರಿಗೆ ಬಂದಾಗ ಎಲ್ಲರೂ ಕೇಳುತ್ತಿದ್ದದ್ದು ಒಂದೇ: ನೀರೊಳಗೆ ಬೆಂಕಿ ಹೇಗೆ ಉರಿಯುತ್ತದೆ? ಅಣ್ಣನಿಗೆ ಹೇಳುವ ವ್ಯವಧಾನ ಇರಲಿಲ್ಲ, ನಾನೇ ಹೇಳುತ್ತಿದ್ದೆ. ಕೈಯಲ್ಲಿ ಒಂದು ಟೊಳ್ಳು ಕಡ್ಡಿ, ಅದರ ಒಳಗಿಂದ ಆಮ್ಲಜನಕ ರಭಸವಾಗಿ ಬರುತ್ತದೆ. ಕಡ್ಡಿಯ ತುದಿಗೆ ಕರೆಂಟು. ತುದಿ ಉಕ್ಕಿಗೆ ತಾಕಿದ ಕೂಡಲೇ ಉಕ್ಕು ಕರಗುತ್ತದೆ, ಕರಗಿದ್ದನ್ನು ಗಾಳಿ ಊದಿ ಆಚೆಗೆ ತಳ್ಳುತ್ತದೆ. ಒಂದು ಕಡ್ಡಿ ಒಂದು ನಿಮಿಷ ಬಂದರೆ ಹೆಚ್ಚು. ಹೊಸ ಕಡ್ಡಿ ಸಿಕ್ಕಿಸುವಾಗ ಕರೆಂಟು ಇರಬಾರದು. ಆದ್ದರಿಂದ ಸ್ವಿಚ್ಚು ಮೇಲೆ, ನಾವೆಯ ಮೇಲೆ, ನನ್ನ ಪಕ್ಕದಲ್ಲಿ ಇರುತ್ತಿತ್ತು. ಕೆಳಗಿನವನು ಹೇಳದೆ ಅದನ್ನು ಮುಟ್ಟುವ ಹಾಗಿಲ್ಲ.

ಅವನ ಹೆಲ್ಮೆಟ್ಟಿನಿಂದ ನನ್ನ ಕಿವಿಗೆ ಫೋನಿನ ತಂತಿ. ಬೇರೆಯವರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಣ್ಣ ಹೇಳುತ್ತಿದ್ದದ್ದು "ಬಿಸಿ", "ತಣ್ಣಗೆ". ಅವನು "ಬಿಸಿ" ಎಂದರೆ ನಾನು ಸ್ವಿಚ್ಚು ಹಾಕಿ "ಬಿಸಿ ಆಯ್ತು" ಎನ್ನಬೇಕು. "ತಣ್ಣಗೆ" ಎಂದರೆ ತೆಗೆದು "ತಣ್ಣಗಾಯ್ತು" ಎನ್ನಬೇಕು. ಅವನ ಮಾತನ್ನು ತಿರುಗಿ ಹೇಳದೆ ಕೆಲಸ ಮುಂದೆ ಹೋಗುವುದಿಲ್ಲ. ದಿನಕ್ಕೆ ನೂರಾರು ಸಲ ಹೀಗೆ. ರಜಕ್ಕೆ ಊರಿಗೆ ಬಂದಾಗ ಹೆಂಡತಿ ಒಲೆಯ ಮುಂದೆ ತನ್ನಷ್ಟಕ್ಕೆ "ಸಾರು ಬಿಸಿ ಮಾಡ್ಬೇಕು" ಎಂದರೆ ನಾನು ಪಡಸಾಲೆಯಿಂದ "ಬಿಸಿ ಆಯ್ತು" ಎಂದುಬಿಡುತ್ತಿದ್ದೆ. ಮನೆಮಂದಿಯೆಲ್ಲ ನಗುತ್ತಿದ್ದರು.

ಬಂದರಿನ ನೀರಿನಲ್ಲಿ ಏನೂ ಕಾಣುವುದಿಲ್ಲ. ಅಣ್ಣ ಎಡಗೈ ಹೆಬ್ಬೆರಳಲ್ಲಿ ಕೊಯ್ದ ಗೆರೆಯನ್ನು ಮುಟ್ಟಿ ಮುಟ್ಟಿ ಬಲಗೈಯಲ್ಲಿ ಕಡ್ಡಿ ಎಳೆಯುತ್ತಿದ್ದ. "ಮೊಸರ್ಗೆ ಚಾಕು ಆಕ್ದಂಗೆ ವೋಯ್ತದೆ ಕಣ್ಲಾ ಕಬ್ಣ" ಎನ್ನುತ್ತಿದ್ದ. ಕರೆಂಟು ಇದ್ದಷ್ಟು ಹೊತ್ತು ಬಾಯಲ್ಲಿ ತಾಮ್ರದ ಚೊಂಬು ಕಚ್ಚಿಕೊಂಡ ರುಚಿಯಂತೆ. ಸಂಜೆ ಮುದ್ದೆ ಉಣ್ಣುವಾಗಲೂ ಆ ರುಚಿ ಹೋಗುತ್ತಿರಲಿಲ್ಲವಂತೆ. ಇದೆಲ್ಲ ಅವನು ಹೇಳಿ ನಾನು ಕೇಳಿದ್ದು. ನನಗೆ ಸಿಕ್ಕಿದ್ದು ಅವನ ಉಸಿರು ಮಾತ್ರ. ಒಂಬತ್ತು ವರ್ಷ ನನ್ನ ಕಿವಿಯಲ್ಲಿ ಅದೇ ಇತ್ತು. ಕೆಲಸ ಸಲೀಸಾಗಿದ್ದರೆ ಉದ್ದದ ಉಸಿರು, ಕಡ್ಡಿ ಹಿಡಿಯದಿದ್ದರೆ ಗಿಡ್ಡ ಉಸಿರು, ಮನೆಯ ಯೋಚನೆ ಬಂದರೆ ನಡುವೆ ಒಂದು ನಿಲುವು. ಹೆಂಡತಿ ಮಕ್ಕಳ ಉಸಿರನ್ನೂ ನಾನು ಅಷ್ಟು ಗಮನವಿಟ್ಟು ಕೇಳಿಲ್ಲ. ಈಗ ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ನಿಜ.

ಬಾವಿಗೂ ಕಡಲಿಗೂ ಒಂದು ವ್ಯತ್ಯಾಸ ಇದೆ ಎಂದು ಮೇಸ್ತ್ರಿ ಮೊದಲ ದಿನವೇ ಹೇಳಿದ್ದ. ಎಂಬತ್ತು ಅಡಿ ಕೆಳಗೆ ಗಂಟೆಗಟ್ಟಲೆ ದುಡಿದವನ ಮೈಯೊಳಗೆ ಉಸಿರಾಡಿದ ಗಾಳಿ ಇಂಗಿರುತ್ತದೆ. ಅವನನ್ನು ನಿಧಾನವಾಗಿ ಏರಿಸಬೇಕು. ಇಪ್ಪತ್ತು ಅಡಿಗೆ ಬಂದಾಗ ಅಲ್ಲೇ ಒಂದು ಗಂಟೆಯೋ ಅದಕ್ಕೂ ಹೆಚ್ಚೋ ನಿಲ್ಲಿಸಬೇಕು. ಗಾಳಿ ಮೆಲ್ಲಗೆ ಹೊರಗೆ ಹೋಗಬೇಕು. ಥಟ್ಟನೆ ಎಳೆದರೆ ಗೋಲಿ ಸೋಡಾ ಒಡೆದ ಹಾಗೆ ಮೈಯೆಲ್ಲ ಗುಳ್ಳೆ. ನಾನು ಕಲಿತೆ. ಎರಡನೆಯ ಕೆಂಪು ಗಂಟು ನೀರಿನ ಮಟ್ಟಕ್ಕೆ ಬಂದ ಕೂಡಲೇ ನಿಲ್ಲಿಸಿ ಬೀಡಿ ಹಚ್ಚುತ್ತಿದ್ದೆ. ಅಣ್ಣ ಅಲ್ಲಿ ನೇತಾಡಿಕೊಂಡು ರಾಗಿ ಬಿತ್ತನೆಯ ಮಾತು, ಹಸು ಈಯುವ ಮಾತು ಆಡುತ್ತಿದ್ದ. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಇಪ್ಪತ್ತು ಅಡಿಯಲ್ಲೇ. ಮನೆಯಲ್ಲಿ ಎದುರು ಬದುರು ಕೂತರೆ ಇಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ.

ಕಡಲ ತಳಕ್ಕೆ ಕಾಲೂರಿ ನಿಲ್ಲುವಂಥ ನಾವೆಯೊಂದು ಮುಳುಗಿತ್ತು, ಅದರ ಉಕ್ಕಿನ ಕಾಲು ಕತ್ತರಿಸುವುದು ಆ ದಿನದ ಕೆಲಸ. ಬಂದರಿನ ಹೆಸರು ಬೇಡ. ಬೆಳಗ್ಗೆ ಹತ್ತರ ಬಿಸಿಲು. ಅಣ್ಣ ಇಳಿದು ಒಂದೂವರೆ ಗಂಟೆಯಾಗಿತ್ತು. "ಬಿಸಿ" ಎಂದ, ನಾನು "ಬಿಸಿ ಆಯ್ತು" ಎಂದೆ. ಸ್ವಲ್ಪ ಹೊತ್ತಿಗೆ ಕಾಲ ಕೆಳಗೆ ದಪ್ಪನೆ ಒಂದು ಸದ್ದು. ತಗಡಿನ ಮೂಲೆಯಲ್ಲಿ ಸೇರಿಕೊಂಡಿದ್ದ ಗಾಳಿಗೆ ಕಿಡಿ ತಾಕಿತ್ತು. ಇಂಥದ್ದು ಆಗಬಾರದೆಂದೇ ಮೊದಲು ಮೇಲುಗಡೆ ತೂತು ಕೊಯ್ಯುತ್ತಾರೆ. ಕೊಯ್ದಿದ್ದ ಕೂಡ, ಆದರೂ ಎಲ್ಲೋ ಒಂದಿಷ್ಟು ಉಳಿದಿತ್ತು. ಸ್ವಿಚ್ಚು ತೆಗೆದೆ. "ಅಣ್ಣಯ್ಯ" ಎಂದೆ. ಫೋನು ಸತ್ತಿತ್ತು. ಉಸಿರಿಲ್ಲ. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಿವಿಯಲ್ಲಿ ಏನೂ ಇರಲಿಲ್ಲ. ಹಗ್ಗ ಅಲುಗಿಸಿದೆ, ಉತ್ತರ ಇಲ್ಲ. ಇನ್ನೊಂದು ಸಲ ಅಲುಗಿಸಿದೆ, ಇಲ್ಲ.

ಅಷ್ಟೇ. ನಾನು ಕಡಲಿನ ಮೇಲೆ ಇದ್ದೇನೆ ಅನ್ನುವುದೇ ಮರೆತುಹೋಯಿತು. ಪಿರಿಯಾಪಟ್ಟಣದ ಯಾವುದೋ ಹಾಳು ಬಾವಿಯ ಕಟ್ಟೆ, ಕೆಳಗೆ ಕತ್ತಲು, ಪಕ್ಕದಲ್ಲಿ ಅಪ್ಪ. ಎಳೆದೆ. ಕೈ ಮೇಲೆ ಕೈ ಹಾಕಿ, ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದೆ. ಕೆಂಪು ಗಂಟುಗಳು ಒಂದಾದ ಮೇಲೊಂದು ನನ್ನ ಅಂಗೈಯನ್ನು ಉಜ್ಜಿಕೊಂಡು ಹೋದವು, ಒಂದನ್ನೂ ಎಣಿಸಲಿಲ್ಲ. "ಎಳೀಬೇಡ! ನಿಲ್ಲಿಸು!" ಎಂದು ಮೇಸ್ತ್ರಿ ಕೂಗುತ್ತಾ ಓಡಿ ಬಂದ. ಅವನು ನನ್ನ ಭುಜ ಹಿಡಿಯುವ ಹೊತ್ತಿಗೆ ಅಣ್ಣನ ಹೆಲ್ಮೆಟ್ಟು ನೀರಿನ ಮೇಲಿತ್ತು.

ಅಣ್ಣ ಚೆನ್ನಾಗಿದ್ದ. ಹೆಲ್ಮೆಟ್ಟು ತೆಗೆದ ಕೂಡಲೇ ನನ್ನ ಮುಖ ನೋಡಿದ. "ಯಾಕ್ಲಾ ಎಳ್ದೆ? ಕಡ್ಡಿ ಬಿದ್ದೋಗಿತ್ತು, ಉಡುಕ್ತಿದ್ದೆ ಕಣೋ. ದಾರಿಯುದ್ದಕ್ಕೂ ಒಂದೊಂದೇ ಸಲ ಜಗ್ದೆ, ತಿಳೀಲಿಲ್ವಾ?" ಒಂದು ಸಲ ಜಗ್ಗಿದರೆ ನಿಲ್ಲು. ಅವನು ಕೆಳಗಿಂದ ಮೇಲಿನ ತನಕ ನಿಲ್ಲು, ನಿಲ್ಲು ಎನ್ನುತ್ತಲೇ ಬಂದಿದ್ದ. ನನಗೆ ತಿಳಿಯಲಿಲ್ಲ. ಅಷ್ಟು ಜೋರಾಗಿ ಎಳೆಯುತ್ತಿರುವ ಕೈಗೆ ಆಚೆ ತುದಿಯವನು ಜಗ್ಗಿದ್ದು ಗೊತ್ತಾಗುವುದಿಲ್ಲ.

ಅರ್ಧ ಗಂಟೆಯಲ್ಲಿ ಅಣ್ಣನ ಸೊಂಟಕ್ಕೆ ನೋವು ಬಂತು, ಆಮೇಲೆ ಕಾಲು ಜೋಮು ಹಿಡಿಯಿತು. ಗಾಳಿಯ ಒತ್ತಡ ಕೊಡುವ ಕೋಣೆ ದೂರದ ದಡದಲ್ಲಿತ್ತು, ದೋಣಿಯಲ್ಲಿ ಕರೆದುಕೊಂಡು ಹೋದೆವು. ಕಾಲಿಗೆ ಸ್ವಾಧೀನ ಮರಳಿ ಬಂತು. ಆದರೆ ವರ್ಷ ತುಂಬುವಷ್ಟರಲ್ಲಿ ಎಡತೊಡೆಯ ಮೂಳೆಯ ತುದಿ ಒಣಗುತ್ತಿದೆ ಎಂದು ಮೈಸೂರಿನ ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು ತೋರಿಸಿದರು. ಇನ್ನು ಆಳಕ್ಕೆ ಇಳಿಯುವ ಹಾಗಿಲ್ಲ ಎಂದರು. ಅಣ್ಣ ಕುಂಟುತ್ತಾ ಹೊರಗೆ ಬಂದು, "ಕಾಫಿ ಕುಡ್ಯಾನ ಬಾ" ಎಂದ.

ಅವನು ನನ್ನನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ. ಮೈಸೂರಿನಿಂದ ಊರಿಗೆ ಬಂದ ಮಾರನೆಯ ದಿನ ಬೆಳಗ್ಗೆ ನಮ್ಮ ಮನೆಗೆ ಬಂದ, ಪಡಸಾಲೆಯ ಗೂಟದಿಂದ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡ, "ವೊತ್ತಾಯ್ತು, ಅಸ ಬುಡ್ಬೇಕು" ಎಂದು ಹೊರಟುಹೋದ. ಅಷ್ಟೇ. ಹಗ್ಗ ಹಿಡಿಯುವವನ ಮನೆಯಿಂದ ಹಗ್ಗ ಹೋಯಿತು ಎಂದರೆ ನಮ್ಮಲ್ಲಿ ಇನ್ನೇನೂ ಹೇಳುವುದು ಉಳಿದಿರುವುದಿಲ್ಲ. ನನ್ನ ಹೆಂಡತಿಗೆ ಅದು ಅರ್ಥವಾಗಲಿಲ್ಲ. ನನಗೆ ಅನ್ನ ಇಳಿಯಲಿಲ್ಲ.

ನಾನು ಕೋಟೆಯಲ್ಲಿ ವೆಲ್ಡಿಂಗ್ ಅಂಗಡಿ ಹಾಕಿದೆ. ಗೇಟು, ಕಿಟಕಿಯ ಸರಳು, ಟ್ರ್ಯಾಕ್ಟರಿನ ಮುರಿದ ಕೊಂಡಿ. ಕೆಲಸಕ್ಕೆ ಬರ ಇಲ್ಲ. ಅಣ್ಣ ಹಸು ನೋಡಿಕೊಂಡು, ಹೊಲ ನೋಡಿಕೊಂಡು ಇದ್ದ. ನಾವು ಮಾತು ಬಿಟ್ಟಿರಲಿಲ್ಲ. ಹಬ್ಬಕ್ಕೆ ಅವರ ಮನೆಯ ಊಟ ನಮ್ಮ ಮನೆಗೆ, ನಮ್ಮ ಮನೆಯದು ಅವರ ಮನೆಗೆ. ಆದರೆ ಹಗ್ಗದ ಮಾತು ಮಾತ್ರ ಇಲ್ಲ. ಅತ್ತಿಗೆ ಒಮ್ಮೆ ಆ ಹಗ್ಗ ಬಿಚ್ಚಿ ಬಟ್ಟೆ ಒಣಹಾಕಲು ಕಟ್ಟಿದರಂತೆ, ಅಣ್ಣ ಊರು ಕೇಳುವ ಹಾಗೆ ಕೂಗಾಡಿದನಂತೆ. ಅದನ್ನು ಕೇಳಿ ನನಗೆ ಖುಷಿಯಾಯಿತು. ಬಟ್ಟೆ ಒಣಗುವ ಹಗ್ಗವಾಗಿದ್ದರೆ ಆಸೆ ಬಿಡಬಹುದಿತ್ತು. ಆಗಲಿಲ್ಲ, ಆದ್ದರಿಂದ ನಾನೂ ಬಿಡಲಿಲ್ಲ.

ನನಗೆ ಬೇಕಾಗಿದ್ದದ್ದು ಕ್ಷಮೆಯೂ ಅಲ್ಲ. ಆ ಮಾತೆಲ್ಲ ನಮ್ಮ ಕಡೆ ಯಾರು ಆಡುತ್ತಾರೆ? ಇನ್ನೊಂದು ಸಲ, ಒಂದೇ ಒಂದು ಸಲ, ಅವನಿರುವ ಹಗ್ಗವನ್ನು ಹಿಡಿಯಬೇಕು. ಅವನ ತೂಕ ಬೆರಳಿಗೆ ಬರಬೇಕು. ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವಾಗ ಒಮ್ಮೊಮ್ಮೆ ಮೆಷಿನ್ನು ನಿಲ್ಲಿಸಿ ಸುಮ್ಮನೆ ಕೂರುತ್ತಿದ್ದೆ. ಕಿವಿ ಅವನ ಉಸಿರನ್ನು ಹುಡುಕುತ್ತಿತ್ತು.

ಹೋದ ಬೇಸಿಗೆಯಲ್ಲಿ ನಮ್ಮೂರ ಕೆಲವರು ಅಂಗಡಿಗೆ ಬಂದರು. ಹಿನ್ನೀರಿನಿಂದ ಶುಂಠಿ ಹೊಲಗಳಿಗೆ ನೀರೆತ್ತಲು ಅವರೆಲ್ಲ ಸೇರಿ ಒಂದು ತೇಲುವ ಪಂಪು ಹಾಕಿಸಿದ್ದರು. ಡ್ರಮ್ಮುಗಳ ಮೇಲೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಪಂಪು. ನೀರು ಇಳಿದಾಗ ಅದು ಹಳೇ ಮರದ ಬುಡಕ್ಕೆ ಸಿಕ್ಕಿ ಮಗುಚಿ ಮುಳುಗಿತ್ತು. ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದರು. ಚೌಕಟ್ಟಿನ ನಾಲ್ಕು ಕಾಲೂ ಬೇರಿಗೆ ಇನ್ನಷ್ಟು ಹೆಣೆದುಕೊಂಡಿದ್ದವು. ಕಾಲು ಕತ್ತರಿಸದೆ ಪಂಪು ಬರುವುದಿಲ್ಲ. "ನಿಮ್ಮಣ್ಣಂಗೆ ಒಂದ್ ಮಾತು ಕೇಳಿ" ಎಂದರು. ನಾನು ಆಗುವುದಿಲ್ಲ ಎಂದೆ, ಡಾಕ್ಟರ ಮಾತು ಹೇಳಿದೆ, ಕೊನೆಗೆ ಜಗಳಕ್ಕೇ ಹೋದೆ. ಅವರು ನೇರ ಅಣ್ಣನ ಹತ್ತಿರವೇ ಹೋದರಂತೆ.

ಮಧ್ಯಾಹ್ನ ಅಣ್ಣ ಹಳೇ ಟ್ರಂಕಿನ ಜೊತೆ ಆಟೋದಿಂದ ಇಳಿದ. ಅದರಲ್ಲಿ ಅವನ ಹೆಲ್ಮೆಟ್ಟು, ರಬ್ಬರಿನ ಕೈಗವಸು, ಉಳಿದಿದ್ದ ಕಡ್ಡಿಗಳು, ಫೋನಿನ ತಂತಿ.

"ಅದ್ನೈದು ಅಡಿ ಕಣ್ಲಾ. ಬಾವಿಗಿಂತ ಕಮ್ಮಿ. ಅದುಕ್ಕೂ ಡಾಕ್ಟ್ರಾ?"

"ಕಾಲು?"

"ನೀರಲ್ಲಿ ಕಾಲ್ಗೇನು ಕೆಲ್ಸ? ನಿನ್ ಡೀಸಲ್ ಸೆಟ್ಟು, ಗಾಳಿ ಮಿಷನ್ನು ರೆಡಿ ಮಾಡು."

ಹಗ್ಗ ಟ್ರಂಕಿನಲ್ಲಿ ಇರಲಿಲ್ಲ. ನಾನು ಕೇಳಲಿಲ್ಲ. ಸಂಜೆ ಅವರ ಮನೆ ಮುಂದೆ ಹಾದು ಹೋಗುವಾಗ ಅತ್ತಿಗೆ ಜಗುಲಿಯಿಂದ ಕರೆದರು. "ಅಗ್ಗ ಯಾರು ಇಡೀತಾರೆ?" ಗೊತ್ತಿಲ್ಲ ಎಂದೆ. "ಕೇಳಪ್ಪ ಮತ್ತೆ, ಬಾಯಿಲ್ವಾ?" "ನಾನು ಕೇಳಾಕಿಲ್ಲ ಅತ್ತಿಗೆ" ಎಂದೆ. ಕೇಳಿ ಇಲ್ಲ ಅನ್ನಿಸಿಕೊಂಡರೆ ಆ ಗೂಟವನ್ನು ಗೋಡೆಯಿಂದ ಕಿತ್ತುಹಾಕಬೇಕಾಗುತ್ತಿತ್ತು.

ಬೆಳಗ್ಗೆ ಹಿನ್ನೀರಿನ ಹತ್ತಿರ ಹೋದಾಗ ಉತ್ತರ ಸಿಕ್ಕಿತು. ಹಗ್ಗ ಹರಿಗೋಲಿನ ಮೀನುಗಾರನೊಬ್ಬನ ಕೈಯಲ್ಲಿತ್ತು. ಅಣ್ಣ ಅವನಿಗೆ ಒಂದು ಸಲ, ಎರಡು ಸಲ, ಮೂರು ಸಲ ಎಂದು ಪಾಠ ಹೇಳುತ್ತಿದ್ದ. ನನ್ನ ಕಡೆ ನೋಡದೆ, "ನೀನು ಸ್ವಿಚ್ಚು, ಫೋನು ನೋಡ್ಕೊ" ಎಂದ. ಸರಿ ಎಂದೆ. ಡೀಸೆಲ್ ಸೆಟ್ಟಿನ ಹಗ್ಗವನ್ನು ಮಾಮೂಲಿಗಿಂತ ಜೋರಾಗಿ ಎಳೆದು ಚಾಲೂ ಮಾಡಿದೆ. ಕಣ್ಣು ಉರಿಯುತ್ತಿತ್ತು. ಹೊಗೆ ಎಂದುಕೊಂಡೆ, ಹೊಗೆ ಆ ಕಡೆ ಹೋಗುತ್ತಿತ್ತು.

ಬಯಲಾದ ಕೆಸರಿನ ಇಳಿಜಾರಿನಲ್ಲಿ ಅಣ್ಣ ಕೋಲು ಊರಿಕೊಂಡು ಇಳಿದ. ಸೊಂಟದ ತನಕ ನೀರಿಗೆ ಹೋದವನು ನಿಂತ. ತಿರುಗಿ ನೋಡಿದ. ಮೀನುಗಾರ ಪಾಪ, ಎತ್ತಿನ ಹಗ್ಗ ಹಿಡಿದ ಹಾಗೆ ಮುಂಗೈಗೆ ಮೂರು ಸುತ್ತು ಸುತ್ತಿಕೊಂಡು ಬಿಗಿಯಾಗಿ ನಿಂತಿದ್ದ. ಹಗ್ಗ ಹಿಡಿಯುವವನು ಎಂದೂ ಕೈಗೆ ಸುತ್ತಿಕೊಳ್ಳಬಾರದು. ಬೆರಳುಗಳ ಮೇಲೆ ಇರಬೇಕು, ಆಚೆ ತುದಿಯವನು ಕೈ ಅಲುಗಿಸಿದರೂ ತಿಳಿಯಬೇಕು. ಅಣ್ಣ ಮೆಲ್ಲಗೆ ಒಂದು ಸಲ ಜಗ್ಗಿದ. ಮೀನುಗಾರ ಸುಮ್ಮನೆ ನಿಂತಿದ್ದ. ಇನ್ನೊಂದು ಸಲ ಜಗ್ಗಿದ. ಅವನಿಗೆ ಏನೂ ತಿಳಿಯಲಿಲ್ಲ.

ಅಣ್ಣ ಕೆಸರು ತುಳಿದುಕೊಂಡು ವಾಪಸ್ಸು ಬಂದ. "ನೀನು ಸ್ವಿಚ್ಚು ನೋಡ್ಕಪ್ಪ. ಇವ್ನು ಏಳ್ದಾಗ ಆಕು, ಏಳ್ದಾಗ ತಗಿ" ಎಂದು ಮೀನುಗಾರನಿಗೆ ಹೇಳಿದ. ಅವನ ಮುಂಗೈಯಿಂದ ಹಗ್ಗ ಬಿಚ್ಚಿದ. ನನ್ನ ಮುಖ ನೋಡದೆಯೇ ನನ್ನ ಕಡೆ ಚಾಚಿದ. ನಾನು ತಗೊಂಡೆ.

ನೀರು ಅವನ ತಲೆಯ ಮೇಲೆ ಮುಚ್ಚಿಕೊಂಡಿತು. ಕಿವಿಯಲ್ಲಿ ಉಸಿರು ಬಂತು. ಆರು ವರ್ಷದಲ್ಲಿ ಸ್ವಲ್ಪ ಗಟ್ಟಿಯಾಗಿತ್ತು, ಕೊನೆಯಲ್ಲಿ ಸಣ್ಣ ಕೀರಲು ಸೇರಿತ್ತು, ಆದರೆ ಅವನದೇ. ನನ್ನ ಕೈ ನಡುಗುತ್ತಿತ್ತು. ಹಗ್ಗದಲ್ಲಿ ಅದು ಅವನಿಗೆ ತಿಳಿದಿರಬೇಕು. "ಯಾಕ್ಲಾ, ಚಳಿಯಾ?" ಎಂದ.

ತಳ ಮುಟ್ಟಿದವನು "ಬಿಸಿ" ಎಂದ.

ಮೀನುಗಾರನಿಗೆ ಕೈ ತೋರಿಸಿದೆ, ಸ್ವಿಚ್ಚು ಬಿತ್ತು. "ಬಿಸಿ ಆಯ್ತು" ಎಂದೆ. ನೀರಿನ ಮೇಲೆ ಗುಳ್ಳೆಗಳು ಕುದಿಯುವ ಹಾಗೆ ಎದ್ದವು, ಅವುಗಳ ಕೆಳಗೆ ಹಸಿರು ಬೆಳಕು ಮಿಣಮಿಣ. ದಡದಲ್ಲಿ ನಿಂತಿದ್ದ ರೈತರು ಒಂದು ಹೆಜ್ಜೆ ಹಿಂದೆ ಸರಿದರು. "ತಣ್ಣಗೆ." "ತಣ್ಣಗಾಯ್ತು." ಮೀನುಗಾರನಿಗೂ ಹುರುಪು ಬಂತು, ನನಗಿಂತ ಜೋರಾಗಿ ಅವನೇ ಕೂಗತೊಡಗಿದ. ಒಂದೊಂದು ಕಾಲಿಗೆ ನಾಲ್ಕೈದು ಕಡ್ಡಿ. ಎರಡು ಗಂಟೆಯೊಳಗೆ ನಾಲ್ಕೂ ಕಾಲು ಕತ್ತರಿಸಿದ. ಕೊನೆಯದು ಬಿದ್ದಾಗ ಚೌಕಟ್ಟು ಮಗ್ಗುಲು ಬದಲಿಸಿತು. ಟ್ರ್ಯಾಕ್ಟರಿನವರು ಪಂಪನ್ನು ಮೆಲ್ಲಗೆ ದಡಕ್ಕೆ ತಂದರು.

"ಮುಗೀತಲ್ಲ, ಮ್ಯಾಕೆ ಬತ್ತೀಯಾ?" ಎಂದು ಕೇಳಿದೆ.

"ಇರ್ಲಾ ವಸಿ."

ಅವನು ತಳದಲ್ಲಿ ನಡೆದಾಡುತ್ತಿದ್ದ. ಹಗ್ಗ ನನ್ನ ಬೆರಳುಗಳ ಮೇಲೆ ಹೆಜ್ಜೆ ಹೆಜ್ಜೆಗೂ ಸ್ವಲ್ಪ ಸರಿಯುತ್ತಿತ್ತು. ಎಡ, ಬಲ, ಎಡ, ಬಲ. ಸಮವಾಗಿತ್ತು. ನೀರು ಅವನ ಭಾರ ಹೊತ್ತಿತ್ತು, ಎಡಗಾಲಿಗೆ ಅಲ್ಲಿ ನೋವಿರಲಿಲ್ಲ. ಆರು ವರ್ಷದಿಂದ ಬೀದಿಯಲ್ಲಿ ಅವನ ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದು ಹಾಕುವುದನ್ನು ಒಳಗೆ ಕೂತೇ ಕೇಳುತ್ತಿದ್ದೆ. ಅವನು ಅಲ್ಲೇ ಇರಲಿ ಅನ್ನಿಸಿತು. ಮೇಲೆ ಬಂದರೆ ಮತ್ತೆ ಕುಂಟುತ್ತಾನೆ.

ಎಷ್ಟೋ ಹೊತ್ತಿನ ಮೇಲೆ ಎರಡು ಸಲ ಜಗ್ಗಿದ. ಎಳೆಯತೊಡಗಿದೆ, ಬಾಣಂತಿಯನ್ನು ಕೈಹಿಡಿದು ಎಬ್ಬಿಸುವ ಹಾಗೆ. ಹತ್ತು ಅಡಿಯ ಕೆಂಪು ಗಂಟು ನೀರಿನಿಂದ ಹೊರಗೆ ಬಂತು. ಆ ಆಳಕ್ಕೆ ನಿಲ್ಲಿಸುವ ಅಗತ್ಯ ಏನೇನೂ ಇಲ್ಲ. ಆದರೂ ನಿಲ್ಲಿಸಿದೆ.

"ಯಾಕ್ಲಾ ನಿಲ್ಸ್ದೆ?"

"ಸುಮ್ನೆ ಅಣ್ಣಯ್ಯ."

ಉಸಿರು ಒಂದು, ಎರಡು, ಮೂರು. "ನಿಲ್ಸು ಅಂಗಾರೆ" ಎಂದ. ಆಮೇಲೆ ಹಸುವಿನ ಮಾತು ತೆಗೆದ. ಕಪ್ಪು ಹಸು ಈ ಸಲವೂ ಹೋರಿಕರು ಹಾಕಿದೆ ಎಂದ. ರಾಗಿ ಬೀಜ ಎಲ್ಲಿ ತರುವುದು ಎಂದು ಕೇಳಿದ. ನಾನು ಹೇಳಿದೆ. ದಡದಲ್ಲಿದ್ದವರು ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದರು, ಏನಿಲ್ಲ ಎಂದು ತಲೆಯಾಡಿಸಿದೆ. ಆ ದಿನ ನಿಲ್ಲಿಸಬೇಕಾಗಿದ್ದ ಹೊತ್ತು ನಮ್ಮಿಬ್ಬರಿಗೂ ಬಾಕಿ ಉಳಿದಿತ್ತು.

ದಡಕ್ಕೆ ಬಂದು ಬಟ್ಟೆ ಬದಲಿಸಿಕೊಂಡ ಮೇಲೆ ಅಣ್ಣ ಹೆಲ್ಮೆಟ್ಟನ್ನು ಟ್ರಂಕಿಗಿಟ್ಟು ಬೀಗ ಹಾಕಿದ. "ಇನ್ ನಾನು ಇಳ್ಯಾಕಿಲ್ಲ ಕಣ್ಲಾ. ಸೊಂಟ ಬ್ಯಾಡ ಅಂತ ಏಳ್ತದೆ" ಎಂದ. ನಾನು ಹಗ್ಗ ಸುತ್ತಿ ಅವನ ಮುಂದೆ ಹಿಡಿದೆ. ಅವನು ತಗೊಳ್ಳಲಿಲ್ಲ. "ನಂಗ್ಯಾಕೆ ಕೊಡ್ತೀಯ? ಇಡ್ಯೋನ್ ಮನೇಲಿರ್ಬೇಕು. ನೆಳ್ಳಾಗೆ ಒಣಗಾಕು, ಬಿಸ್ಲಿಗಾಕ್ಬ್ಯಾಡ."

ಇಳಿಯುವವನಿಲ್ಲದ ಹಗ್ಗ ನನ್ನ ಮನೆಗೆ ಬರುತ್ತಿತ್ತು. ಬೇಡವೆನ್ನಲು ಆಗಲಿಲ್ಲ, ಅಷ್ಟು ವರ್ಷ ಕಾದಿದ್ದೆ.

ರಸ್ತೆಗೆ ಹತ್ತಬೇಕಾದದ್ದು ಆ ಕೆಸರಿನ ಏರು. ಅವನ ಕೋಲು ಹೂತುಕೊಳ್ಳುತ್ತಿತ್ತು. ಕೈ ಕೊಡಲು ಹೋದೆ. ಕೈ ಹಿಡಿಯುವ ಆಸಾಮಿ ಅಲ್ಲ ಅವನು. ನನ್ನ ಹೆಗಲ ಮೇಲಿದ್ದ ಹಗ್ಗದ ತುದಿ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದ. "ನಡಿ" ಎಂದ. ನಾನು ಹಗ್ಗವನ್ನು ಬೆರಳಿಗೆ ತಗೊಂಡು ಮುಂದೆ ಹತ್ತಿದೆ. ಹಗ್ಗ ಬಿಗಿಯಾಯಿತು. ಅವನ ಭಾರ ಪೂರ್ತಿ ನನ್ನ ಬೆರಳಿಗೆ ಬಂತು, ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಎಳೆದು.

ಅರ್ಧ ಏರಿನಲ್ಲಿ ಹಗ್ಗ ಒಂದು ಸಲ ಜಗ್ಗಿತು. ಸಣ್ಣಗೆ, ಹುಲ್ಲಿಗೆ ಗಾಳಿ ತಾಕಿದಷ್ಟು.

ತಿಳಿಯಿತು. ನಿಂತೆ. ತಿರುಗಿ ನೋಡಲಿಲ್ಲ. ಹಿಂದೆ ಅವನು ಏದುಸಿರು ಬಿಡುತ್ತಾ ಸುಧಾರಿಸಿಕೊಳ್ಳುವುದನ್ನು ಕೇಳುತ್ತಾ, ಅವನು ಎರಡು ಸಲ ಜಗ್ಗುವ ತನಕ ಅಲ್ಲೇ ನಿಂತಿದ್ದೆ.